ಕಿಟಕಿ ಸೀಟಿಗೆ ಐದನೇ ಆಟೀನ್

ಯಕ್ಷಿತಾಳಿಗೆ ಮುಂದಿನ ವಾರದ ಕಿಟಕಿ ಸೀಟು ಬೇಕೇ ಬೇಕಿತ್ತು. ಬೊರಿವಲಿಯಿಂದ ಹೊರಡುವ ಎಂಟು ಹನ್ನೆರಡರ ಲೋಕಲ್ ಕಾಂದಿವಲಿ ಮುಟ್ಟುವ ಮೊದಲು, ಹಳಿಯ ಪಕ್ಕದ ಹಳದಿ ಬಿಲ್ಡಿಂಗಿನಲ್ಲಿ ಮಗು ನೋಡಿಕೊಳ್ಳುವ ಇಂದ್ರಾಬಾಯಿಯ ಬಾಲ್ಕನಿ, ಮುಂಬೈ ಮಾತಿನ ಗ್ಯಾಲರಿ, ಎರಡು ಕ್ಷಣ ಕಾಣುತ್ತದೆ. ಒಂದೂವರೆ ವರ್ಷದ ಮಗಳನ್ನು ಅಳುತ್ತಿರುವಾಗಲೇ ಆ ಮನೆಯಲ್ಲಿ ಬಿಟ್ಟು ಅವಳು ಸ್ಟೇಷನ್ನಿಗೆ ಓಡಿ ಬರುತ್ತಾಳೆ. ಪುರುಸೊತ್ತಾದ ದಿನ ಇಂದ್ರಾಬಾಯಿ ಮಗುವನ್ನು ಎತ್ತಿಕೊಂಡು ಗ್ಯಾಲರಿಗೆ ಬಂದು ರೈಲಿಗೆ ಟಾಟಾ ಮಾಡಿಸುತ್ತಾಳೆ. ಅಳು ನಿಂತದ್ದನ್ನು ಕಣ್ಣಾರೆ ಕಂಡರೆ ಬಾಂದ್ರಾದ ಆಫೀಸಿನಲ್ಲಿ ಯಕ್ಷಿತಾಳ ಗಂಟಲಲ್ಲಿ ಊಟ ಇಳಿಯುತ್ತದೆ.

ಆದರೆ ಆ ಲೇಡೀಸ್ ಡಬ್ಬಿಯಲ್ಲಿ ಕಿಟಕಿಗೆ ಬೇರೆಯೇ ಕಾನೂನು. ಪ್ರತಿ ಶುಕ್ರವಾರ ಕಾಂದಿವಲಿಯಿಂದ ಅಂಧೇರಿಯವರೆಗೆ ಹುಣಸೆಬೀಜ ಒಡ್ಡಿ ಪೋಕರ್ ಇಸ್ಪೀಟಾಟ. ಕೊನೆಗೆ ಯಾರ ಬೀಜ ಹೆಚ್ಚೋ ಮುಂದಿನ ವಾರ ಕಿಟಕಿ ಅವರದು. ಆಟ ಕಲಿಸಿದ್ದು ಅಂಧೇರಿಯಲ್ಲಿ ಇಳಿಯುವ ಉಡುಪಿ ಕಡೆಯ ವಿನೋದಿನಿ. ಒಂದು ತಿಂಗಳಿಂದ ಕಿಟಕಿ ಹಿಡಿದು ಕೂತದ್ದು ವಿಜಯಪುರ ಕಡೆಯ ಮಲ್ಲವ್ವ.

ಯಕ್ಷಿತಾ ಸೋಲುತ್ತಿದ್ದದ್ದು ಒಂದೇ ರೀತಿ. ಕೈಯಲ್ಲಿ ಎರಡು, ನಡುವೆ ಎಲ್ಲರಿಗೂ ಬಿಚ್ಚಿಟ್ಟ ನಾಲ್ಕರಲ್ಲಿ ಎರಡು, ಹೀಗೆ ನಾಲ್ಕು ಆಟೀನ್, ಅಂದರೆ ಕೆಂಪು ಹೃದಯದ ಎಲೆ, ಕೂಡಿದರೆ ಸಾಕು, ಆಟ ಗೆಲ್ಲಿಸುವ ಐದನೆಯದು ಬಂದೇ ಬರುತ್ತದೆಂದು ಕೇಳಿದಷ್ಟು ಬೀಜ ಸುರಿಯುತ್ತಿದ್ದಳು. ವಿನೋದಿನಿ ಮಾತ್ರ ಅಂಥದೇ ಎಲೆಗಳನ್ನು ಒಮ್ಮೆ ಇಟ್ಟುಕೊಂಡು ಇನ್ನೊಮ್ಮೆ ಎಸೆಯುತ್ತಿದ್ದಳು. ಅದ್ಯಾಕೆಂದು ಯಕ್ಷಿತಾಳಿಗೆ ನಿದ್ದೆಯಲ್ಲೂ ಕುತೂಹಲ.

ಆ ಶುಕ್ರವಾರ ಕೇಳಿಯೇಬಿಟ್ಟಳು.

"ಎಂತ ಮಾರಾಯ್ತಿ, ಲೆಕ್ಕ ಅಷ್ಟೆ," ಎಂದಳು ವಿನೋದಿನಿ. "ಕೊನೇ ಎಲೆಗೆ ಮೊದಲು ನಿನಗೆ ಕಾಣದ್ದು ನಲವತ್ತಾರು. ಅದ್ರಲ್ಲಿ ಆಟೀನ್ ಒಂಬತ್ತು. ಐದು ಸಲ ಆಡಿದ್ರೆ ಒಂದ್ಸಲ ಬಂದೀತು. ಹಾಗಾಗಿ ನಡುವಿನ ಬೀಜದ ಗುಡ್ಡೆ ನೋಡು. ನಿನ್ನ ಹತ್ರ ಕೇಳಿದ್ದರ ನಾಲ್ಕು ಪಟ್ಟಿಗಿಂತ ಜಾಸ್ತಿ ಉಂಟಾ, ಹಾಕು. ಇಲ್ವಾ, ಬಿಡು."

"ಆಕಿಗೆ ಬಿಡಾಕ ಬರಂಗಿಲ್ಲ. ಮನಿ ಕೀಲಿ ಹಾಕೀನಿಲ್ಲೋ ಅಂತ ಮೂರು ಸಲ ಹತ್ತಿಳಿಯೋ ಹೆಣ್ಮಗಳು," ಎಂದು ಮಲ್ಲವ್ವ ನಕ್ಕಳು.

ಮಲಾಡ್ ದಾಟುವಾಗ ಮತ್ತೆ ನಾಲ್ಕು ಆಟೀನ್ ಕೂಡಿದವು. ಗುಡ್ಡೆಯಲ್ಲಿ ಹತ್ತು ಬೀಜ. ಮಲ್ಲವ್ವ ಇನ್ನೂ ಹತ್ತು ಒಡ್ಡಿದಳು. ಇಪ್ಪತ್ತಕ್ಕೆ ಹತ್ತು, ಬರೀ ಎರಡು ಪಟ್ಟು. ಯಕ್ಷಿತಾ ಉಗುರು ಕಚ್ಚಿದಳು, ಎಲೆ ಎಸೆದಳು. ಮಲ್ಲವ್ವ ಬೇಕಂತಲೇ ಕೊನೆಯ ಎಲೆ ತಿರುವಿ ತೋರಿಸಿದಳು. ಆಟೀನ್ ರಾಣಿ!

"ಅಯ್ಯೋ, ಹಾಕಬೇಕಿತ್ತು!"

"ಬಂದ ಎಲೆ ನೋಡ್ಬೇಡ. ಕೇಳಿದ ಬೆಲೆ ನೋಡು," ಎಂದಳು ವಿನೋದಿನಿ.

ಜೋಗೇಶ್ವರಿಯಲ್ಲಿ ಕೊನೆಯ ಆಟ. ವಿನೋದಿನಿ ಮೊದಲೇ ಎಲೆ ಎಸೆದಿದ್ದಳು. ಯಕ್ಷಿತಾಳಿಗೆ ಮತ್ತೆ ನಾಲ್ಕು ಆಟೀನ್. ಹದಿನಾರರ ಗುಡ್ಡೆಗೆ ಮಲ್ಲವ್ವ ನಾಲ್ಕು ಸೇರಿಸಿ, "ಹಾಕ್ತೀಯೋ, ಓಡ್ತೀಯೋ?" ಎಂದಳು. ಇಪ್ಪತ್ತಕ್ಕೆ ನಾಲ್ಕು, ಐದು ಪಟ್ಟು. ಯಕ್ಷಿತಾಳಿಗೆ ಥಟ್ಟನೆ ಗ್ಯಾಲರಿ ನೆನಪಾಯಿತು. ಹಿಂದೆ ಒಮ್ಮೆ ಕಿಟಕಿ ಸಿಕ್ಕ ವಾರದಲ್ಲೂ ಮಗಳು ಕಂಡದ್ದು ಐದರಲ್ಲಿ ಒಂದೇ ದಿನ. ಉಳಿದ ನಾಲ್ಕು ದಿನ ಮಗಳಿಗೆ ಜ್ವರವೋ, ಬಿದ್ದಳೋ ಎಂದು ಯಕ್ಷಿತಾ ಚಿಂತೆಯಲ್ಲೇ ಬೆಂದಿದ್ದಳು. ಆದರೂ ಆ ಒಂದು ದಿನಕ್ಕೆ ಎಷ್ಟು ಬೆಲೆ ಕಟ್ಟಬೇಕು? ಅದಕ್ಕೆ ಯಾವ ಗುಡ್ಡೆ ಸಾಟಿ?

ನಾಲ್ಕು ಬೀಜ ಇಟ್ಟಳು. ಎಲೆ ತಿರುಗಿತು. ಆಟೀನ್ ಏಳು. ಬೀಜದ ಲೆಕ್ಕದಲ್ಲಿ ಈಗ ಅವಳೇ ಮುಂದೆ.

"ಹೋಗ್ಲಿ ಬಿಡವಾ, ನನಗೂ ಬಿಸಲಾಗ ಕುಂತು ಸಾಕಾಗಿತ್ತು," ಎಂದು ಮಲ್ಲವ್ವ ಬೀಜ ದೂಡಿದಳು.

ಸೋಮವಾರ ಯಕ್ಷಿತಾ ಕಿಟಕಿಯ ಸರಳಿಗೆ ಹಣೆ ಒತ್ತಿ ಕೂತಳು. ಹಳದಿ ಬಿಲ್ಡಿಂಗ್ ಬಂತು. ಗ್ಯಾಲರಿಯಲ್ಲಿ ಒದ್ದೆ ಫ್ರಾಕೊಂದು ಬಿಟ್ಟರೆ ಯಾರೂ ಇಲ್ಲ. ಐದರಲ್ಲಿ ಒಂದು, ಎಂದುಕೊಂಡಳು. ಇನ್ನೂ ನಾಲ್ಕು ಬೆಳಗು ಉಂಟು. ಕೈಗೆ ಬಂದಿದ್ದ ಫೋನನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದಳು.

ಕಾಂದಿವಲಿ ಬರುವವರೆಗೂ ತಡೆದಳು. ಆಮೇಲೆ ಜಿಪ್ ತೆಗೆದಳು, ಮಗು ಇನ್ನೂ ಅಳುತ್ತಿದೆಯೇ ಎಂದು ಕೇಳಲು.

"ಹಲೋ ಇಂದ್ರಾಬಾಯಿ? ಬೇಬಿ ರೋ ರಹೀ ಹೈ ಕ್ಯಾ?"