ಪಾಯಿಂಟಿನ ರೂಮು

ಆಸ್ಪತ್ರೆಗಳ ಎಕ್ಸ್‌ರೇ ಮಷಿನ್ ರಿಪೇರಿ ಮಾಡುವುದು ನನ್ನ ಕೆಲಸ. ಹೋದ ಊರಲ್ಲೆಲ್ಲ ಒಂದೇ ದೊಡ್ಡ ಹೋಟೆಲಿನ ಶಾಖೆ ಹುಡುಕಿ ಉಳಿಯುತ್ತೇನೆ, ಪಾಯಿಂಟಿನ ಆಸೆಗೆ. ಶೃಂಗೇರಿ, ಎನ್.ಆರ್.ಪುರದ ಕಡೆ ಬಂದಾಗ ಮಾತ್ರ ಕೊಪ್ಪದ ಸರೋಜಕ್ಕನ ಲಾಡ್ಜು. ಒಮ್ಮೆ ಅಲ್ಲಿ ನನಗೆ ಜ್ವರ ಬಂದಾಗ ಅವರು ಗಂಜಿ ಮಾಡಿ ತಂದು, ನಾನು ಕುಡಿದು ಮುಗಿಸುವ ತನಕ ಮಂಚದ ತುದಿಯಲ್ಲಿ ಕೂತಿದ್ದರು. ಆಮೇಲೆ ಬೇರೆ ಕಡೆ ಉಳಿಯಲು ಮನಸ್ಸೇ ಬರಲಿಲ್ಲ.

ಈ ಸಲ ಹೋದಾಗ ಅವರ ಮುಖ ಬಾಡಿತ್ತು. ಗಂಡನಿಗೆ ಮಂಗಳೂರಿನಲ್ಲಿ ಹಾರ್ಟ್ ಆಪರೇಷನ್ ಆಗಬೇಕಿತ್ತು.

"ಅವರನ್ನು ಒಳಗೆ ಕರ್ಕೊಂಡು ಹೋದ ಮೇಲೆ ನಾನು ಎಲ್ಲಿ ಇರೋದು ಮಾರಾಯ್ತಿ? ಅಲ್ಲಿ ನಮಗೆ ಯಾರೂ ಇಲ್ಲ."

ಆ ಆಸ್ಪತ್ರೆಯ ಹತ್ತಿರವೇ ನನ್ನ ಹೋಟೆಲಿನ ಶಾಖೆಯಿತ್ತು. ಅಲ್ಲೇ ಕೂತು ಫೋನಿನಲ್ಲಿ ಅವರ ಹೆಸರಿಗೆ ರೂಮು ಬುಕ್ ಮಾಡಿದೆ. "ಪಾಯಿಂಟಿನಲ್ಲಿ ಆಯ್ತು ಅಕ್ಕ."

"ಅದೆಂತ ಪಾಯಿಂಟು?"

"ಮತ್ತೆ ಮತ್ತೆ ಅವರಲ್ಲೇ ಉಳಿದದ್ದಕ್ಕೆ ಕೊಡ್ತಾರೆ. ಸುಮಾರು ಸೇರಿದ್ರೆ ರೂಮು ಪುಕ್ಕಟೆ."

"ನಮ್ಮಲ್ಲೂ ಉಳೀತೀಯಲ್ಲ, ನಾನು ನಿನಗೆ ಎಂತದೂ ಕೊಟ್ಟಿಲ್ಲ" ಎಂದರು.

ನಾನು ಅವರ ಕೈ ಹಿಡಿದುಕೊಂಡೆ.

ಆಪರೇಷನ್ ಚೆನ್ನಾಗಿ ಆಯಿತು. ರೂಮು ಬಿಟ್ಟ ದಿನ ಸರೋಜಕ್ಕ ಫೋನ್ ಮಾಡಿದರು. "ಅವರು ಎದ್ದು ಕೂತು ಕಾಫಿ ಕೇಳಿದ್ರು. ರೂಮೂ ಲಾಯ್ಕಿತ್ತು. ಹೊರಡುವಾಗ ಹಾಸಿಗೆ ಕೊಡವಿ ಹಾಸಿ, ಬಚ್ಚಲು ತೊಳೆದು ಬಂದೆ. ಕ್ಲೀನ್ ಮಾಡುವ ಹೆಂಗಸು ಬೇಡ ಬೇಡ ಅಂದ್ಲು. ಪಾಪ, ಒಬ್ಬಳೇ ಎಷ್ಟು ರೂಮು ಅಂತ ಮಾಡ್ತಾಳೆ."

ಪಾಯಿಂಟು ನನ್ನದಾದ್ದರಿಂದ, "ನಿಮ್ಮಂಥವರು ಮತ್ತೆ ಮತ್ತೆ ಬರಬೇಕು" ಎಂಬ ಹೋಟೆಲಿನ ಮೆಸೇಜು ನನಗೆ ಬಂತು. ಆ ಮಾತು ಸಲ್ಲಬೇಕಾದದ್ದು ಬಚ್ಚಲು ತೊಳೆದು ಬಂದವರಿಗೆ ಎಂದು ನನಗೆ ಗೊತ್ತು.