ಒಣಗಿಸಿಟ್ಟ ತೊಗರಿ ಕಾಳು

1985ರ ನವೆಂಬರಿನಲ್ಲಿ ನಾನು ಶಹಾಬಾದಿನಲ್ಲಿ ಖಾಸಗಿ ವೈದ್ಯನಾಗಿದ್ದೆ. ಕಲ್ಲು ಪಾಲಿಶ್ ಮಾಡುವ ನಾಗಮ್ಮ ಹೊಟ್ಟೆನೋವೆಂದು ಬಂದಳು. ಪಿತ್ತಕೋಶದಲ್ಲಿ ಹರಳಿರಬಹುದೆಂದು ಹೈದರಾಬಾದಿಗೆ ಸ್ಕ್ಯಾನಿಗೆ ಕಳಿಸಿದೆ. ಹರಳಿರಲಿಲ್ಲ. ಒಳಗೋಡೆಗೆ ಅಂಟಿಕೊಂಡ ಆರು ಮಿಲಿಮೀಟರಿನ ಪಾಲಿಪ್, ಅಂದರೆ ಪುಟ್ಟ ಮಾಂಸದ ಮೊಳಕೆ, ಇತ್ತು. ಇಂಥವು ಬಹುಪಾಲು ನಿರುಪದ್ರವಿ. ಹತ್ತು ದಾಟಿದರೆ ಕ್ಯಾನ್ಸರಿನ ಭಯದಿಂದ ಪಿತ್ತಕೋಶವನ್ನೇ ತೆಗೆಸುತ್ತೇವೆ. ಅಲ್ಲಿಯವರೆಗೆ ಆರಾರು ತಿಂಗಳಿಗೆ ಅಳೆಯುತ್ತ ಕಾಯುವುದು.

ನಾಗಮ್ಮನಿಗೆ ಹೊಟ್ಟೆ ಕೊಯ್ಸಿಕೊಳ್ಳುವುದೊಂದೇ ಭಯ. ಅವಳ ಅಕ್ಕ ಹೆರಿಗೆಯ ಆಪರೇಶನ್ನಿನಿಂದ ಎದ್ದಿರಲಿಲ್ಲ. ಮಿಲಿಮೀಟರ್ ಅವಳಿಗೆ ತಿಳಿಯದು. ನಮ್ಮದು ತೊಗರಿಯ ಸೀಮೆ; ಒಂದು ಕಾಳನ್ನು ಅವಳ ಅಂಗೈಗಿಟ್ಟು, ಈಗ ಇಷ್ಟಿದೆ, ಉಬ್ಬಿ ದೊಡ್ಡ ಕಡಲೆಯಷ್ಟಾದರೆ ಕೊಯ್ಯಬೇಕು ಎಂದೆ. ಈ ಹೋಲಿಕೆಯ ಬಗ್ಗೆ ನನಗೆ ಹೆಮ್ಮೆಯಿತ್ತು.

"ತೊಗರಿ ನೀರಾಗ ಉಬ್ಬತದಲ್ರಿ ಸಾಹೇಬ್ರ?"

"ಹಂಗಾದ್ರ ಒಣಗಿಸಿಡವ್ವ," ಎಂದೆ.

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳೆಂದೇ ನಾನು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಕಂಪೌಂಡರ್ ಗಫೂರ್ ಸಾಬ್ ಒಪ್ಪುವುದಿಲ್ಲ. ಅವಳು ನಗಲಿಲ್ಲ, ಕಾಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು ಅನ್ನುತ್ತಾನೆ. ಕೇಸ್ ಪೇಪರಿನಲ್ಲಿ ನನ್ನ ಕೈಬರಹ: 'ಆರು ತಿಂಗಳ ನಂತರ ಬರುವುದು.' ನಗೆಯ ದಾಖಲೆಯಿಲ್ಲ.

ಮುಂದಿನದು ಗಂಡ ಹಣಮಂತ ಆಮೇಲೆ ಹೇಳಿದ್ದು. ಅವಳು ಸಾರು, ಮಜ್ಜಿಗೆ ಬಿಟ್ಟಳು. ದಿನಕ್ಕೆ ಎರಡೇ ಲೋಟ ನೀರು. ಪಾಲಿಶ್ ಕಲ್ಲಿನ ಮೇಲೆ ದಿನವಿಡೀ ನೀರು ಸುರಿಯುವಲ್ಲಿ ಕಾಲು ನೆನೆಸಿಕೊಂಡು ನಿಂತು ಒಣರೊಟ್ಟಿ ತಿಂದಳು. "ಏ ಒಣತೊಗರಿ, ಬಾ ಬೇ, ಬೀಸಿ ಬ್ಯಾಳಿ ಮಾಡ್ತೀವಿ," ಎಂದು ಜೊತೆಯವರು ನೀರಿನ ಚೊಂಬು ಹಿಡಿದು ಕಾಡುತ್ತಿದ್ದರಂತೆ.

ಚಳಿಗಾಲ ಹೇಗೋ ಕಳೆಯಿತು. ಮೇ ತಿಂಗಳ ಬಿಸಿಲು ಬಿಡಲಿಲ್ಲ. ಮೂತ್ರ ನಿಂತು ಎರಡು ದಿನವಾದ ಮೇಲೆ ನನ್ನಲ್ಲಿಗೆ ಹೊತ್ತು ತಂದರು. ಸಲೈನ್ ಹಚ್ಚಹೋದರೆ ಕೈ ಎಳೆದುಕೊಂಡಳು.

"ನೀರ್ ಬ್ಯಾಡ್ರಿ. ಉಬ್ಬತದ."

ಆಗ ನನಗೆ ತಿಳಿಯಿತು. ಗಫೂರ್ ಅವಳ ಕೈ ಒತ್ತಿ ಹಿಡಿದ, ನಾನು ಸೂಜಿ ಚುಚ್ಚಿದೆ. ಹೈದರಾಬಾದಿಗೆ ಸಾಗಿಸಿದರು. ಕಿಡ್ನಿಗಳು ಕೆಟ್ಟು ನಾಲ್ಕನೆಯ ದಿನ ತೀರಿಕೊಂಡಳು.

ತಿಥಿ ಮುಗಿಸಿ ಹಣಮಂತ ಕಾಗದಗಳನ್ನು ತಂದ. ಅಲ್ಲಿ ಕಿಡ್ನಿ ನೋಡಲು ಸ್ಕ್ಯಾನ್ ಮಾಡಿದವರು ಪಾಲಿಪ್ಪನ್ನೂ ಅಳೆದಿದ್ದರು. ಆರು ಮಿಲಿಮೀಟರ್.

"ಉಬ್ಬ್ಯಾದೇನ್ರಿ?"

ಇಲ್ಲ ಎಂದೆ.

"ಹಂಗಾದ್ರ ಆಕಿ ಗೆದ್ದಾಳಲ್ರಿ. ನೀವ್ ಹೇಳಿದಂಗ ಮಾಡ್ಯಾಳ."

ಹೊಟ್ಟೆ ತುಂಬ ನೀರು ಕುಡಿದಿದ್ದರೂ ಅದು ಅಷ್ಟೇ ಇರುತ್ತಿತ್ತೆಂದು ನಾನು ಹೇಳಲಿಲ್ಲ. ಹೌದು ಎಂದೆ.

ಮನೆಗೆ ಹೋಗಿ ಏನು ಮಾಡುತ್ತೀರಿ ಎಂದು ರೋಗಿಯ ಬಾಯಿಂದಲೇ ಕೇಳದೆ ಅವರನ್ನು ಕುರ್ಚಿಯಿಂದ ಎಬ್ಬಿಸಬಾರದು. ಈ ವೃತ್ತಿ ನನಗೆ ಕಲಿಸಿದ್ದು ಇದು, ನಿವೃತ್ತಿಯವರೆಗೂ ಪಾಲಿಸಿದೆ. ಹಣಮಂತ ಈಗಲೂ ಬಜಾರಿನಲ್ಲಿ ಸಿಕ್ಕರೆ ಕೈಮುಗಿಯುತ್ತಾನೆ. ನಾನೂ ಮುಗಿಯುತ್ತೇನೆ.