ಮೇಲಿನ ಮಹಡಿಯವರ ರಾಗ

ಸೊಲಾಂಜ್ ಕೋಟುಗಳ ಒಳಪದರ ಹೊಲಿಯುವವಳು. ಚಳಿಗಾಲ ಬಂತೆಂದರೆ ಅರ್ಧ ಮಾಂಟ್ರಿಯಲ್ ಅವಳ ಹೊಲಿಗೆಯೊಳಗೆ ಬೆಚ್ಚಗಿರುತ್ತದೆ. ಆದರೆ ಒಳಪದರವನ್ನು ಯಾರು ತಿರುಗಿಸಿ ನೋಡುತ್ತಾರೆ? ಅದಕ್ಕಾಗಿ ಅವಳು ಬೇಸರಪಟ್ಟವಳೂ ಅಲ್ಲ. ಬೇಸರಕ್ಕೂ ಪುರುಸೊತ್ತು ಬೇಕಲ್ಲ.

ಹೊಲಿಗೆ ಕೋಣೆಯ ಮೇಲಿನ ಮಹಡಿಯಲ್ಲಿ ಮೂವರು ಹುಡುಗರ ರಾಕ್ ತಂಡವೊಂದು ಅಭ್ಯಾಸ ಮಾಡುತ್ತಿತ್ತು. ಹುಡುಗರೆಂದರೆ ಈಗ ತಲೆ ನರೆತವರೇ. ಹಾಡುವವರು ಯಾರೂ ಇಲ್ಲ, ಬರೀ ವಾದ್ಯ. ಚಾವಣಿ ದಾಟಿ ಕೆಳಗಿಳಿಯುತ್ತಿದ್ದುದು ಬೇಸ್ ಗಿಟಾರಿನ ಗುಂಯ್ ಮಾತ್ರ. ಒಂದು ಸ್ವರ, ಕಾಫಿ ಗುಟುಕರಿಸಿ ಲೋಟ ಕೆಳಗಿಡುವಷ್ಟು ಹೊತ್ತು ಬಿಟ್ಟು ಇನ್ನೊಂದು. ಅದರ ಮೇಲೆ ಸೊಲಾಂಜ್ ಒಂದು ರಾಗ ಗುನುಗುತ್ತಿದ್ದಳು. ಮೇಲೆ ಗಿಟಾರು ನುಡಿಸುತ್ತಿರುವುದು ಇದನ್ನೇ, ಅಷ್ಟಿಷ್ಟು ತನ್ನ ಕಿವಿಗೆ ಬಿದ್ದಿದೆ ಎಂದು ಅವಳ ನಂಬಿಕೆ.

"ಕಳ್ಳಿ, ಆ ಹುಡುಗ್ರ ರಾಗ ಕದೀತಿದೀಯ," ಎಂದು ಪಕ್ಕದ ಮೆಷಿನ್ನಿನ ಉಗೆತ್ ರೇಗಿಸುವಳು.

"ಸೋರಿ ಬಿದ್ದಿದ್ದನ್ನ ಹಿಡ್ಕೊಂಡ್ರೆ ಕಳ್ಳತನಾನೇನೇ?"

ಗಂಡ ರೊಸೇರ್ ಆಸ್ಪತ್ರೆಯಲ್ಲಿದ್ದ ಕೊನೆಯ ದಿನಗಳಲ್ಲಿ ಅವನಿಗೆ ನಿದ್ದೆ ತರಿಸಿದ್ದು ಈ ರಾಗವೇ. ರೇಡಿಯೊ ಹಚ್ಚಿದರೆ ಮುಖ ಸಿಂಡರಿಸುತ್ತಿದ್ದವನು ಇದನ್ನು ಮಾತ್ರ ಮತ್ತೆ ಮತ್ತೆ ಗುನುಗಿಸುತ್ತಿದ್ದ.

"ಯಾರೇ ಕಟ್ಟಿದ್ದು ಇದನ್ನ?" ಎಂದು ಕೇಳಿದ್ದ.

"ಮೇಲಿನ ಮಹಡಿಯವರು."

"ಒಂದಿನ ಹೋಗಿ ಪೂರ್ತಿ ಕೇಳ್ಕೊಂಡ್ ಬಾ. ನಾನು ಥ್ಯಾಂಕ್ಸ್ ಹೇಳ್ದೆ ಅನ್ನು."

ಹೂಂ ಎಂದವಳು ಹೋಗಿರಲಿಲ್ಲ. ಈಗ ಕಟ್ಟಡವೇ ಮಾರಾಟವಾಗಿ ಎಲ್ಲರೂ ಖಾಲಿ ಮಾಡಬೇಕಿತ್ತು. ತಂಡದವರೂ ತಲೆಗೊಂದು ದಿಕ್ಕಾಗುವವರಿದ್ದರು. ಬರುವ ಭಾನುವಾರ ಅವರ ಕೊನೆಯ ಸಂಗೀತ ಕಛೇರಿಯಿತ್ತು. ಇದನ್ನು ತಪ್ಪಿಸಿಕೊಂಡರೆ ರೊಸೇರನಿಗೆ ಕೊಟ್ಟ ಮಾತು ಮಾತಾಗಿಯೇ ಉಳಿಯುತ್ತಿತ್ತು.

ಭಾನುವಾರ ಮಧ್ಯಾಹ್ನ ಉಗೆತ್‌ಳನ್ನೂ ಎಳೆದುಕೊಂಡು ಚರ್ಚಿನ ನೆಲಮಾಳಿಗೆಗೆ ಹೋದಳು. ಜನ ಕೋಟು ಹಾಸಿಕೊಂಡು ನೆಲದ ಮೇಲೆ ಕೂತಿದ್ದರು. ಇವರಿಬ್ಬರಿಗೆ ಯಾರೋ ಕುರ್ಚಿ ತಂದುಕೊಟ್ಟರು. ದೀಪ ತಗ್ಗಿತು, ಬೇಸಿನವನು ತಂತಿ ಮುಟ್ಟಿದ. ಅದೇ! ಅಂಗಾಲಿನಿಂದ ಹತ್ತಿ ಬೆನ್ನಿಗೆ ಬರುವ ಅದೇ ಗುಂಯ್. ಸೊಲಾಂಜ್‌ಗೆ ತವರಿನವರು ಸಿಕ್ಕಷ್ಟು ಖುಷಿಯಾಯಿತು. ಡ್ರಮ್ಮಿನವನು ಕೋಲು ಎತ್ತಿದ, ಎತ್ತಿಕೊಂಡೇ ಕೂತ, ಕೊನೆಗೊಮ್ಮೆ ಇಳಿಸಿದ.

"ಹೊಡಿಯೋಕೂ ಯೋಚ್ನೆ ಮಾಡ್ತಾನಲ್ಲೇ," ಎಂದು ಉಗೆತ್ ಪಿಸುಗುಟ್ಟಿದಳು. ಮುಂದಿದ್ದವರು ತಿರುಗಿ ನೋಡಿದರು.

ಆಮೇಲೆ ಗಿಟಾರು. ಎತಿಯೆನ್ ಎಂಬ ಉದ್ದ ಗಡ್ಡದವನು ಒಂದು ಸ್ವರ ಮೀಟಿ, ಅದು ಕಂಬಗಳನ್ನೆಲ್ಲ ಸುತ್ತಿ ತೆಳ್ಳಗಾಗಿ ಆರುವವರೆಗೂ ಕಾದ. ಮತ್ತೆ ಅದೇ ಸ್ವರ. ಮತ್ತೂ ಅದೇ. ಸೊಲಾಂಜ್ ಮುಂದಕ್ಕೆ ಬಾಗಿದಳು. ಈಗ ಬಂತು, ಇನ್ನೇನು ಬಂತು. ಬರಲಿಲ್ಲ. ಎರಡನೆಯ ಕೃತಿಯಲ್ಲೂ ಇಲ್ಲ, ಮೂರನೆಯದರಲ್ಲೂ ಇಲ್ಲ. ಗುಂಯ್ ಗೊತ್ತಿದ್ದದ್ದೇ, ಅದರ ಮೇಲೆ ಎಲ್ಲೋ ಒಂದೊಂದು ಸ್ವರ, ಉಳಿದದ್ದೆಲ್ಲ ಬಯಲು. ವಿಚಿತ್ರವೆಂದರೆ ಅದೂ ಅವಳಿಗೆ ಹಿಡಿಸಿತು. ಆದರೆ ತಾನು ಬಂದದ್ದು ಅದಕ್ಕಲ್ಲವಲ್ಲ!

ಚಪ್ಪಾಳೆ ಮುಗಿದದ್ದೇ ನೇರ ಎತಿಯೆನ್‌ನ ಹತ್ತಿರ ಹೋದಳು.

"ಯಾಕಪ್ಪಾ, ಆ ಚೆಂದದ್ದನ್ನ ನುಡಿಸ್ಲೇ ಇಲ್ಲ?"

"ಯಾವ್ದು, ಮದಾಂ ಸೊಲಾಂಜ್?"

ಗುನುಗಿದಳು. ವೈರು ಸುತ್ತುತ್ತಿದ್ದ ಅವನ ಕೈ ನಿಂತಿತು. ಡ್ರಮ್ಮಿನವನೂ ಹತ್ತಿರ ಬಂದ.

"ಇದು ನಮ್ದಲ್ಲ."

"ನಿಮ್ದೇ ಕಣಪ್ಪ. ದಿನಾ ಕೇಳಿಲ್ವಾ ನಾನು?"

"ನಮ್ಹತ್ರ ರಾಗಾನೇ ಇಲ್ಲ ಮದಾಂ. ಇರ್ಬಾರ್ದು ಅಂತಾನೇ ಇಷ್ಟು ವರ್ಷ ಒದ್ದಾಡಿದೀವಿ," ಎಂದು ಎತಿಯೆನ್ ನಕ್ಕ. "ಇನ್ನೊಂದ್ಸಲ ಗುನುಗ್ತೀರಾ?"

"ಅಯ್ಯೋ, ಹಾಗಾದ್ರೆ ಅದು ನಿಂದೇ ಕಣೇ!" ಉಗೆತ್ ಅವಳ ಭುಜಕ್ಕೆ ಗುದ್ದಿದಳು.

ಸೊಲಾಂಜ್ ಅಲ್ಲೇ ಒಂದು ಕುರ್ಚಿ ಎಳೆದುಕೊಂಡು ಕೂತಳು. ಹೆಮ್ಮೆಯಾಗಲಿಲ್ಲ ಎಂದಲ್ಲ, ಆಯಿತು. ಆದರೆ ಅದಕ್ಕೆ ಮುಂಚೆ ರೊಸೇರ್ ನೆನಪಾದ.

"ಯಾರು ಕಟ್ಟಿದ್ದು ಅಂತ ಅವ್ನು ಕೇಳ್ದ ಕಣೇ," ಎಂದಳು. "ನಾನು ಬೇರೆಯವ್ರ ಹೆಸ್ರು ಹೇಳಿ ಕಳಿಸ್ಬಿಟ್ಟೆ."